ಐದು ಪೌಂಡು ಗಾಳಿ

ಮಾರ್ಚ್ ಹದಿನೆಂಟು, ಸೋಮವಾರ, ಮಧ್ಯಾಹ್ನ
ಮನೆಯ ಹಿಂದಿನ ಶೆಡ್ಡಿನಿಂದ

ಕೋಪದಲ್ಲೂ ಚೆಂದ ಕಾಣುವ ನನ್ನ ನಾದಿನಿಗೆ,

ನಿನ್ನ ಅತ್ತಿಗೆಯ ಅಕ್ಕರೆಯ ನೆನಪುಗಳು. ಇಲ್ಲಿ ಮನುಷ್ಯರು, ಕೋಳಿಗಳು, ಗಿಡಗಳು ಎಲ್ಲರೂ ಕ್ಷೇಮ. ಫೋನ್ ಇರುವಾಗ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವುದರೊಳಗೆ ನರ್ಸಮ್ಮ ನೀನು ಮೂರು ಮಾತ್ರೆ ಹೇಳಿರುತ್ತೀಯ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಮೇಲಾಗಿ, ಈ ಮನೆಯಲ್ಲಿ ಎಲ್ಲಿ ನಿಂತು ಮಾತಾಡಿದರೂ ನಿನ್ನ ಅಪ್ಪನ ಕಿವಿ ಅಲ್ಲಿರುತ್ತದೆ. ಮೈದಾನದ ಆ ತುದಿಯ ಪಿಸುಮಾತಿಗೆ ಈ ತುದಿಯಿಂದ ಸೀಟಿ ಊದುತ್ತಿದ್ದ ಡ್ರಿಲ್ ಮೇಷ್ಟ್ರಲ್ಲವೇ!

ವಿಷಯ ನಮ್ಮ ನಾಲ್ಕು ಚಕ್ರದ ಬೈಕಿನದು. ನಿನ್ನ ಅಣ್ಣ ಅದನ್ನು ಬಲು ಠೀವಿಯಿಂದ ಎಟಿವಿ ಅನ್ನುತ್ತಾರೆ. ಅದಕ್ಕೆ ಅಷ್ಟು ಠೀವಿ ಇಲ್ಲ. ಮನೆಯ ಟಿವಿ ಕೆಟ್ಟು ಎರಡು ವರ್ಷವಾಯಿತು, ಹೇಗಿದೆ ಅಂತ ಕೇಳಿದವರಿಲ್ಲ. ಎಟಿವಿ ಒಂದು ದಿನ ನಿಂತರೆ ಕೋಳಿಗಳು ಸಹಿತ ಗಲಾಟೆ ಎಬ್ಬಿಸುತ್ತವೆ.

ಮಾವ ಅದರಿಂದ ಬಿದ್ದು ಎಡಗೈ ಮಣಿಕಟ್ಟು ಮುರಿದುಕೊಂಡ ಮೂರನೆಯ ದಿನ ನೀನು ಫೋನಿನಲ್ಲಿ ತೀರ್ಪು ಕೊಟ್ಟೆ. ವಯಸ್ಸಾಯಿತು, ಇನ್ನು ಅದನ್ನು ಹತ್ತುವ ಹಾಗಿಲ್ಲ, ತಿಂಗಳು ಮುಗಿಯುವುದರೊಳಗೆ ಗಾಡಿ ಮಾರಬೇಕು. ಹೆಡ್ ನರ್ಸ್ ಬಾಯಿಂದ ಬಂದ ಮಾತಿಗೆ ವಾರ್ಡಿಗೆ ವಾರ್ಡೇ ನಡುಗುತ್ತದೆ, ನಮ್ಮದೇನು! ಮಾವ ಎದುರಾಡಲಿಲ್ಲ. ಕಣ್ಣು ಮಂಜಾಗಿದೆ, ದಾರಿಗಡ್ಡ ಇದ್ದ ಬೇರು ಕಾಣಲಿಲ್ಲ, ತಪ್ಪೆಲ್ಲ ನಂದೇ ಅಂದರು. ನಿನ್ನ ಅಣ್ಣನಂತೂ ನೀವು ನೀವೇ ತೀರ್ಮಾನ ಮಾಡ್ಕೊಳ್ಳಿ, ಕೋಳಿಗೆ ನೀರಿಟ್ಟು ಬರ್ತೀನಿ ಅಂತ ಜಾರಿಕೊಂಡವರು ಕೋಳಿಗಳು ಮಲಗಿದ ಮೇಲೇ ಬಂದದ್ದು. ಈಗ ಮೆಕ್ಯಾನಿಕ್ಕನ ಭಾವಮೈದ ಬರುವ ಭಾನುವಾರ ಗಾಡಿ ನೋಡಲು ಬರುತ್ತಾನಂತೆ. ಅದಕ್ಕೇ ಈ ಅವಸರದ ಕಾಗದ.

ನಮ್ಮ ಇಳಿಜಾರು ನಿನಗೆ ಗೊತ್ತು, ಮಾವನ ಮಂಡಿಯೂ ಗೊತ್ತು. ಇವೆರಡಕ್ಕೂ ರಾಜಿ ಮಾಡಿಸಿದ್ದೇ ಆ ಗಾಡಿ. ಮೂರು ವಾರದಿಂದ ಅವರು ಜಗಲಿಯ ಕುರ್ಚಿ ಬಿಟ್ಟು ತೋಟಕ್ಕೆ ಇಳಿದಿಲ್ಲ. ಕೆಳಗಿನ ನಿಂಬೆ ಗಿಡ ಹೂ ಬಿಟ್ಟಿತಾ ಅಂತ ಕೇಳಿದರು. ಹೂಂ ಅಂದೆ. ಎಷ್ಟು ಅಂದರು. ಎಣಿಸಿ ಬಂದು ಹೇಳಿದೆ. ನಂಬಲಿಲ್ಲ. ತಾವೇ ನೆಟ್ಟ ಗಿಡದ ಸುದ್ದಿಯನ್ನು ಊರವರ ಸುದ್ದಿ ಕೇಳಿದ ಹಾಗೆ ಕೇಳುತ್ತಾರೆ. ನೋಡಲಾಗುವುದಿಲ್ಲ ಕಣೇ.

ಈಗ ಕುರ್ಚಿ ಎಳೆದುಕೊಂಡು ಕೂತು ಓದು. ಅವರನ್ನು ಬೀಳಿಸಿದ್ದು ವಯಸ್ಸಲ್ಲ, ನಾನು.

ಅವರು ಬಿದ್ದ ಹಿಂದಿನ ದಿನ ನಾನು ಶೆಡ್ಡಿಗೆ ಹೋದಾಗ ಗಾಡಿಯ ನಾಲ್ಕೂ ಟೈರು ಸೊರಗಿದಂತೆ ಕಂಡವು. ನನ್ನ ಕಣ್ಣೆದುರು ಯಾರೂ ಹಸಿದಿರಬಾರದು ನೋಡು. ಕಾರಿಗೆ ಗಾಳಿ ತುಂಬುವ ಯಂತ್ರ ತಂದು, ಕಾರಿಗೆ ಎಷ್ಟೋ ಇದಕ್ಕೂ ಅಷ್ಟೇ ಅಂತ ತಲಾ ಮೂವತ್ತು ಪೌಂಡು ಬಡಿಸಿದೆ. ಯಾರಿಗೂ ಹೇಳಲೂ ಇಲ್ಲ. ಅದೇನು ಹೇಳುವಂಥ ಘನಕಾರ್ಯವೇ ಅಂದುಕೊಂಡೆ. ಹೋದ ವಾರವಲ್ಲ, ಅದರ ಹಿಂದಿನ ಗುರುವಾರ, ಮಾರುವುದಾದರೂ ಮುಖ ತೊಳೆಸಿ ಕಳಿಸೋಣ ಅಂತ ಒರೆಸುತ್ತಿದ್ದಾಗ ಟೈರಿನ ಪಕ್ಕೆಯಲ್ಲಿ, ಕೆಸರಿನಡಿ, ಪುಟ್ಟ ಅಕ್ಷರಗಳು ಕಂಡವು. ಐದು ಪೌಂಡು!

ಓಡಿಹೋಗಿ ಮೆಕ್ಯಾನಿಕ್ಕನನ್ನು ಕೇಳಿದೆ. ಅವನು ಹಣೆ ಹಣೆ ಚಚ್ಚಿಕೊಂಡ. ಈ ಗಾಡಿ ನೆಲ ಹಿಡಿಯುವುದೇ ಮೆತ್ತಗಿನ ಟೈರಿನಿಂದಂತೆ. ಗಟ್ಟಿ ಮಾಡಿದರೆ ಕಲ್ಲು ಬೇರು ಸಿಕ್ಕಲ್ಲೆಲ್ಲ ಪುಟಿಯುತ್ತದಂತೆ. ಟೈರು ಸಿಡಿಯದೆ ಉಳಿದದ್ದು ನಮ್ಮ ಪುಣ್ಯವಂತೆ. ಐದಿರಬೇಕಾದ ಬಿಪಿಯನ್ನು ಮೂವತ್ತಕ್ಕೆ ಏರಿಸಿ ರೋಗಿಯನ್ನು ಗುಡ್ಡ ಇಳಿಸಿದರೆ ಏನಾಗುತ್ತದೆ ಅಂತ ನಿನಗೆ ನಾನು ಹೇಳಬೇಕೇ? ನೀರಿನ ತೊಟ್ಟಿಯ ಹತ್ತಿರ ಬೇರು ಸಿಕ್ಕಿತು. ಗಾಡಿ ಎಗರಿತು, ಮಾವ ಎಗರಿದರು, ಹಿಂದಿನ ಪೆಟ್ಟಿಗೆಯ ಅರವತ್ತು ಮೊಟ್ಟೆ ಎಗರಿದವು. ಪೂರ್ತಿ ಒಡೆಯದೆ ಉಳಿದದ್ದು ಮಾವ ಒಬ್ಬರೇ.

ನಗಬೇಡ. ಇದು ತಿಳಿದ ಮೇಲೆ ನಾನು ಎರಡು ರಾತ್ರಿ ನಿದ್ದೆ ಮಾಡಿಲ್ಲ.

ಆಮೇಲೆ ಮೆಕ್ಯಾನಿಕ್ಕನಿಗೆ ಶಿಷ್ಯಳಾದೆ. ಕಡಿಮೆ ಗಾಳಿ ಅಳೆಯುವ ಪುಟ್ಟ ಮೀಟರ್ ಕೊಂಡೆ. ನಾಲ್ಕೂ ಟೈರಿನಲ್ಲಿ ಈಗ ಐದೈದು. ಶೆಡ್ಡಿನ ಗೋಡೆಗೆ ನಿನ್ನ ವಾರ್ಡಿನಲ್ಲಿರುವಂಥದ್ದೇ ಒಂದು ಚಾರ್ಟ್ ನೇತುಹಾಕಿದ್ದೇನೆ. ಪ್ರತಿ ಸೋಮವಾರ ಗಾಳಿ, ಬ್ರೇಕು, ಎಂಜಿನ್ ಎಣ್ಣೆ, ಚೈನು, ಸಡಿಲ ಬೋಲ್ಟು. ಎಂಜಿನ್ನಿಗೆ ಧೂಳು ಹೋಗದಂತೆ ತಡೆಯುವ ಸ್ಪಂಜೊಂದಿದೆ. ಅದನ್ನು ಸೋಪಿನ ನೀರಲ್ಲಿ ಒಗೆದು, ನೆರಳಲ್ಲಿ ಒಣಗಿಸಿ, ಹದವಾಗಿ ಎಣ್ಣೆ ಹಚ್ಚಿ ಕೂರಿಸಿದೆ. ನಿನ್ನ ಅಣ್ಣ ಬಾಗಿಲಲ್ಲಿ ನಿಂತು ನೋಡಿ, ತಮ್ಮ ತಲೆಗೆ ಮದುವೆಯಾದಾಗಿನಿಂದ ಇಷ್ಟು ಉಪಚಾರ ನಡೆದಿಲ್ಲ ಅಂತ ಗೊಣಗಿದರು. ತಲೆಯೂ ದಿನಾ ಇಷ್ಟು ಕೆಲಸ ಮಾಡಿದರೆ ನೋಡೋಣ ಅಂದೆ.

ಹಿಂದಿನ ಕ್ಯಾರಿಯರ್ ಮೇಲೆ ನಾವು ಕಟ್ಟಿದ್ದ ಆ ಎತ್ತರದ ಪೆಟ್ಟಿಗೆ ಇಳಿಜಾರಿನಲ್ಲಿ ಗಾಡಿಯನ್ನು ಒಂದು ಕಡೆಗೆ ವಾಲಿಸುತ್ತಿತ್ತಂತೆ. ಅದನ್ನು ಕಿತ್ತು ಹಾಕಿದೆ. ಬದಲಿಗೆ ಕೊಕ್ಕೆ ಹಾಕಿಸಿ, ಎಳೆದುಕೊಂಡು ಹೋಗಲು ಎರಡು ಗಾಲಿಯ ತಳ್ಳುಗಾಡಿಯಂಥದ್ದು ಮಾಡಿಸಿದ್ದೇನೆ. ಕೋಳಿ ಫೀಡಿನ ಮೂಟೆ, ನೀರಿನ ಕ್ಯಾನು, ಕಡಿದ ರೆಂಬೆ ಎಲ್ಲ ಅದರಲ್ಲಿ. ಮುಂದಿನ ತಂತಿಬುಟ್ಟಿಯಲ್ಲಿ ಗರಗಸ, ಗಿಡದ ಕತ್ತರಿ. ಮೊಟ್ಟೆ ಮಾತ್ರ ನಾನೇ ಹೊತ್ತು ತರುತ್ತೇನೆ. ಅವಕ್ಕೆ ಇನ್ನೂ ನಮ್ಮ ಮೇಲೆ ನಂಬಿಕೆ ಬಂದಿಲ್ಲ.

ಮಾವನನ್ನು ಕಣ್ಣಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿದ್ದೆ. ಗೋಡೆಯ ಹಲಗೆಯ ಕೊನೆಯ ಸಾಲಿನವರೆಗೂ ಓದಿದರು. ನಿಮ್ಮ ಕಣ್ಣು ನನ್ನದಕ್ಕಿಂತ ಚೆನ್ನಾಗಿದೆಯಲ್ಲ ಯಜಮಾನರೇ ಅಂತ ಡಾಕ್ಟರು ಬೆನ್ನು ತಟ್ಟಿದರೆ, ಇವರು ಯಾಕೋ ಕಾಪಿ ಹೊಡೆದು ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು.

ನನ್ನ ಬೇಡಿಕೆ ಇಷ್ಟೇ. ಪ್ಲಾಸ್ಟರ್ ಬಿಚ್ಚಿ, ಕೈಗೆ ಬ್ರೇಕು ಹಿಡಿಯುವಷ್ಟು ಬಲ ಬಂತು ಅಂತ ಮೂಳೆ ಡಾಕ್ಟರು ಹೇಳಿದ ಮೇಲೆ, ಹೆಲ್ಮೆಟ್ ಹಾಕಿಕೊಂಡು, ಮೊದಲನೇ ಗೇರಿನಲ್ಲಿ, ತೊಟ್ಟಿಯ ದಾರಿ ಬಿಟ್ಟು ಬಳಸು ದಾರಿಯಲ್ಲಿ ಅವರು ನಿಂಬೆ ಗಿಡದವರೆಗೆ ಹೋಗಿ ಬರಲಿ. ಬೈಯುವುದಿದ್ದರೆ ನನ್ನನ್ನು ಬೈ, ಕಂತಿನಲ್ಲಾದರೂ ಸರಿ, ಇಡಿಗಂಟಾದರೂ ಸರಿ. ಆದರೆ ತೀರ್ಪು ವಾಪಸ್ ತಗೋ. ಶನಿವಾರದೊಳಗೆ ಹೂಂ ಅಂದುಬಿಡು, ಭಾವಮೈದನಿಗೆ ಬರಬೇಡಪ್ಪ ಅಂತೀನಿ.

ಕೈಯೆಲ್ಲ ಗ್ರೀಸಾದ,
ನಿನ್ನ ಅತ್ತಿಗೆ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ನಾಲ್ಕೂ ಟೈರಿನಲ್ಲಿ ಐದೈದು ಅಂದೆನಲ್ಲ, ನಾನು ಗಾಳಿ ಬಿಟ್ಟದ್ದು ಒಂದಕ್ಕೆ ಮಾತ್ರ. ಮೀಟರ್ ಇಟ್ಟು ನೋಡಿದಾಗ ಮೂರು ಆಗಲೇ ಸರಿಯಾಗಿದ್ದವು. ಐದು, ಐದೂವರೆ, ಐದು. ನಾಲ್ಕನೆಯದು ಫೀಡಿನ ಮೂಟೆಗಳ ಹಿಂದೆ ಸಿಕ್ಕಿಕೊಂಡಿತ್ತು, ಕಲ್ಲಿನಂತೆ ಗಟ್ಟಿ. ಆ ಮೂಟೆ ಸರಿಸಲು ಎರಡು ಕೈ ಬೇಕು. ನಿನ್ನ ಅಣ್ಣ ಬಿದ್ದ ಗಾಡಿಯನ್ನು ತಂದು ಮೂಲೆಗೆ ನಿಲ್ಲಿಸಿದ್ದಷ್ಟೇ, ಆಮೇಲೆ ಮುಟ್ಟಿಲ್ಲವಂತೆ. ಮೀಟರ್ ಇಲ್ಲದೆ ಹೆಬ್ಬೆರಳು ಒತ್ತಿ ಗಾಳಿ ಎಷ್ಟಿದೆ ಅಂತ ಹೇಳಬಲ್ಲವರು ಈ ಮನೆಯಲ್ಲಿ ಒಬ್ಬರೇ, ಶಾಲೆಯ ಚೆಂಡುಗಳನ್ನು ಜೀವಮಾನವಿಡೀ ಹಾಗೆ ಒತ್ತಿ ನೋಡಿದವರು. ಬಿದ್ದ ಮಾರನೆಯ ಬೆಳಿಗ್ಗೆ ಮಾವ ಪ್ಲಾಸ್ಟರಿನ ಕೈ ಹೊತ್ತು, ಹಳೇ ಚಪ್ಪಲಿ ಹುಡುಕ್ತೀನಿ ಅಂತ ಶೆಡ್ಡಿಗೆ ಹೋಗಿ ಅರ್ಧ ಗಂಟೆ ಬಂದಿರಲಿಲ್ಲ.

ಅಂದರೆ ನೀನು ಫೋನಿನಲ್ಲಿ ಗದರುತ್ತಿದ್ದಾಗ, ನಾನು ಪಕ್ಕದಲ್ಲೇ ಚಹಾ ಸೋಸುತ್ತ ನಿಂತಿದ್ದಾಗ, ನಾನು ತುಂಬಿದ ಗಾಳಿಯ ವಿಷಯ ಅವರಿಗೆ ಎಲ್ಲ ಗೊತ್ತಿತ್ತು. ತೀರ್ಪು ವಾಪಸ್ ತಗೊಳ್ಳುವಾಗ ನನ್ನ ಹೆಸರೆತ್ತಬೇಡ. ಕಣ್ಣಿನ ಡಾಕ್ಟರು ಹೇಳಿದ್ದು ಕೇಳಿ ಮನಸ್ಸು ಬದಲಾಯಿಸಿದೆ ಅನ್ನು. ಸೊಸೆಯನ್ನು ಮಗಳ ಬಾಯಿಂದ ಉಳಿಸಿದೆ ಅಂತ ಅವರು ಒಳಗೊಳಗೇ ಬೀಗುತ್ತಿದ್ದಾರೆ. ಆ ಗಾಳಿಯನ್ನು ಮಾತ್ರ ನಾವಿಬ್ಬರೂ ತೆಗೆಯುವುದು ಬೇಡ.