ಅಜ್ಜಿ ಕೋವಿ

ಏ ಓರಿನ್ ಅಣ್ಣ,

ಸತ್ತವರ ಮೇಲೆ ಸಿಟ್ಟು ಮಾಡಬಾರದಂತೆ, ನಾನು ಮಾಡುತ್ತೇನೆ. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಮೊದಲ ದಿನವೇ ತೋಟಾಗಳನ್ನು ಮನೆಯಲ್ಲಿ ಮರೆತು ಬೆಟ್ಟಕ್ಕೆ ಬಂದೆ. ಮೊಂಟಾನಾದ ಈ ಕಣಿವೆಗೆಲ್ಲ ಇರುವುದು ಒಂದೇ ಅಂಗಡಿ. ನನ್ನ ದೊಡ್ಡ ಮ್ಯಾಗ್ನಮ್ ಕೋವಿಗೆ ಅಲ್ಲಿ ಒಂದು ತೋಟಾವೂ ಇಲ್ಲ. ನಿನ್ನ ಹಳೇ ಮೂವತ್ತು-ಸೊನ್ನೆ-ಆರು ಕೋವಿಯ ತೋಟಾ ಮಾತ್ರ ಬ್ರೆಡ್ಡಿನ ಪಕ್ಕ ರಾಶಿ ಬಿದ್ದಿದೆ!

"ಜಿಂಕೆಗೂ ಅದೇ, ಕರಡಿಗೂ ಅದೇ ಸಾಕು ಅಂತ ನಿಮ್ಮಣ್ಣ ಬಡ್ಕೋತಿದ್ದ, ಕೇಳಿದ್ಯಾ ನೀನು?" ಎಂದು ಅಂಗಡಿಯ ನಾರ್ಮಾ ಹಲ್ಲು ಕಿಸಿದಳು.

ಹೋದ ವರ್ಷ ನೀನು ಆ ಕೋವಿಯನ್ನು ನನಗೆ ಕೊಡಲು ಬಂದಾಗ, "ಈ ಹಳೇ ಕಾಲದ ಅಜ್ಜಿ ಕೋವಿ ನಂಗ್ಯಾಕಣ್ಣ, ನೀನೇ ಇಟ್ಕೋ" ಎಂದು ನಕ್ಕುಬಿಟ್ಟೆ. ನೀನೂ ನಕ್ಕು, ಅದನ್ನು ಹೆಗಲಿಗೇರಿಸಿಕೊಂಡು ಹೋದೆ. ಡಾಕ್ಟರು ನಿನಗೆ ಉಳಿದಿರುವುದು ಮೂರೇ ತಿಂಗಳು ಎಂದು ಆಗಲೇ ಹೇಳಿದ್ದರಂತೆ. ಒಂದು ಮಾತು ಹೇಳಲು ನಿನಗೇನು ಧಾಡಿಯಾಗಿತ್ತು?