ಪರ್ಸೋಂ ಅಂದರೆ ಮೊನ್ನೆಯೋ, ನಾಡಿದ್ದೋ

ನಮ್ಮ ಬಾಷಾ ಮಾಸ್ಟರಿಗೆ,

ನಿಮ್ಮ ಹತ್ತಿರ ಕತ್ತರಿ ಹಿಡಿಯುವುದನ್ನು ಕಲಿತ ಯಶೋದ ಬರೆಯುತ್ತಿದ್ದೇನೆ. ನೀವಿದ್ದಾಗ ಕಾಗದ ಬರೆಯುವ ಪ್ರಮೇಯವೇ ಬರಲಿಲ್ಲ, ಎದುರು ಮಿಷನ್ನಿನಲ್ಲೇ ಕೂತಿರುತ್ತಿದ್ದೆ. ಬರೆದಿದ್ದರೂ ನಿಮಗೆ ಕನ್ನಡ ಓದಲು ಬರುತ್ತಿರಲಿಲ್ಲ. ಈಗ ನೀವಿರುವ ಕಡೆ ಆ ತೊಂದರೆ ಇರಲಾರದು ಅಂದುಕೊಂಡು ಶುರು ಮಾಡಿದ್ದೇನೆ.

ನಿನ್ನೆ ಮಾಲೂರಿನ ಶೆಟ್ಟರು ಯಾವುದೋ ಮದುವೆಗೆಂದು ಶ್ರೀನಿವಾಸಪುರಕ್ಕೆ ಬಂದವರು ನನ್ನ ಅಂಗಡಿಗೂ ಬಂದಿದ್ದರು. ಕೂತ ತಕ್ಷಣ, "ಆ ಹಡಗು ಮತ್ತೆ ಮೊದ್ಲಿಂದ ಹಾಕ್ತಾರಂತೆ ಕಣಮ್ಮ ಟೀವೀಲಿ. ಚಿಕ್ಕ ಮೊಮ್ಮಗಳು ನೋಡ್ತೀನಿ ಅಂತ ಕುಣೀತಾವ್ಳೆ. ಕಡೇವರ್ಗೂ ನೋಡೋ ಅಂಥದ್ದೇನಮ್ಮಾ ಅದು? ನೀನೇ ಹೇಳು" ಅಂದರು. ಯೋಚಿಸಿ ಕಾರ್ಡು ಹಾಕುತ್ತೇನೆ ಅಂದೆ. ಶೆಟ್ಟರು ಕಾಫಿ ಕುಡಿದು ಹೋದರು. ರಾತ್ರಿಯೆಲ್ಲ ಅದೇ ಪ್ರಶ್ನೆ. ಕೇಳಬೇಕಾದದ್ದು ನಿಮ್ಮನ್ನು ತಾನೇ?

ಆ ಮೊದಲ ಭಾನುವಾರ ನೆನಪಿದೆಯೇ? ಶೆಟ್ಟರ ಬಟ್ಟೆ ಅಂಗಡಿಯ ಜಗಲಿಯೇ ನಮ್ಮ ಟೈಲರ್ ಅಂಗಡಿ. ಒಳಗೆ ಥಾನುಗಳ ಮಧ್ಯೆ ಅವರ ಹೊಸ ಟೀವಿ. ಬಜಾರಿನವರೆಲ್ಲ ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂತಿದ್ದರು. ಪರದೆಯಲ್ಲಿ ಏಳು ಜನ ಆಕಾಶದ ಹಡಗು ಹತ್ತಿ ಹೊರಟರು, ಹೊರಟವರು ದಾರಿ ತಪ್ಪಿದರು. ಮಾತೆಲ್ಲ ಹಿಂದಿ. ಶೆಟ್ಟರ ಮನೆಮಾತು ತೆಲುಗು, ಮಿಕ್ಕವರಿಗೆ ತೆಲುಗು ಕನ್ನಡ ಎರಡೂ ಸರಿ, ಹಿಂದಿ ಮಾತ್ರ ಯಾರಿಗೂ ಬಾರದು. ನಾನು ಸ್ಕೂಲಿನಲ್ಲಿ ಒಂದಿಷ್ಟು ಓದಿದ್ದೆ, ಆದರೆ ಅಷ್ಟು ಜನರ ಮುಂದೆ ಬಾಯಿ ಬಿಡುವುದುಂಟೇ? "ಸಾಯಬ್ರೇ, ನಿಮ್ ಭಾಷೇನೇ ಅಲ್ವಾ, ಏನಂತೆ ಹೇಳಿ" ಅಂತ ಎಲ್ಲರೂ ನಿಮ್ಮ ಕಡೆ ತಿರುಗಿದರು. ನಿಮ್ಮ ಮನೆಯ ದಖ್ಖನಿ ಉರ್ದುವಿಗೂ ಆ ಪುಸ್ತಕದ ಹಿಂದಿಗೂ ಎಷ್ಟು ದೂರ ಅಂತ ನಿಮಗೊಬ್ಬರಿಗೇ ಗೊತ್ತಿತ್ತು. ಗೊತ್ತಿದ್ದೂ ಕೊರಳಿನ ಟೇಪು ಸರಿಮಾಡಿಕೊಂಡು ಹೇಳಲು ಶುರು ಮಾಡಿದಿರಿ. ಅವತ್ತಿನಿಂದ ಆ ಧಾರಾವಾಹಿಗೆ ನಮ್ಮ ಬಾಯಲ್ಲಿ 'ಹಡಗು' ಅಂತಲೇ ಹೆಸರು.

ನಿಮಗೆ ಮೊದಲು ಕಂಡದ್ದು ಅವರ ಬಟ್ಟೆ. "ಆಕಾಶಕ್ಕೆ ಹೋಗೋರ್ಗೆ ಇದೇನ್ ಕಾಲರ್ ಬೇಟಾ? ಒಳ್ಗಡೆ ಬಕ್ರಂ ಹಾಕಿಲ್ಲ, ಹೆಂಗೆ ಸೋತು ಬಿದ್ದೋಗೈತೆ ನೋಡು" ಅಂತ ನನ್ನ ಕಿವಿಯಲ್ಲಿ ಗೊಣಗುತ್ತಿದ್ದಿರಿ. ಸುಳ್ಳೇನಲ್ಲ. ಹಡಗಿನ ಕ್ಯಾಪ್ಟನ್ ಒರಗಿದರೆ ಚಂದ್ರನ ಬಂಡೆ ಹಿಂದಕ್ಕೆ ಸರಿಯುತ್ತಿತ್ತು. ಹಡಗು ಕಟ್ಟಿದ್ದ ದಾರ ಕಾಣುತ್ತಿತ್ತು. ಒಂದು ತಿಂಗಳು ಪೂರ್ತಿ ಯಾವುದೋ ಗ್ರಹದ ರಾಜನ ಆಸ್ಥಾನದಲ್ಲಿ ಬರೀ ಕುಣಿತ. ಶೆಟ್ಟರು "ದಂಡ, ಕರೆಂಟಿಗೆ ದಂಡ" ಅಂತ ಆರಿಸಲು ಏಳುತ್ತಿದ್ದರು. ಆದರೆ ಅದೇ ಧಾರಾವಾಹಿಯಲ್ಲಿ ಹಡಗಿನ ಮುದುಕಿ ತಟ್ಟೆಯಲ್ಲಿ ಸಾಸಿವೆ ಬಿತ್ತಿದ ವಾರವೂ ಇತ್ತು. ಅಲ್ಲಿ ಮೇಲು ಕೆಳಗು ಇಲ್ಲವಲ್ಲ, ಬೇರು ಮೇಲಕ್ಕೆ ಬಂತು. ಮುದುಕಿ ಬೈಯಲಿಲ್ಲ, ಅಳಲಿಲ್ಲ, ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಂಗಡಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

"ಒಂದ್ ವಾರ ಚೆನ್ನಾಗಿದ್ರೆ ನಾಲ್ಕ್ ವಾರ ಕೆಟ್ಟದಾಗಿರುತ್ತೆ, ಯಾಕೆ ನೋಡ್ಬೇಕು ಮಾಸ್ಟರೇ?" ಅಂತ ಒಂದು ದಿನ ಕಾಜ ಹೊಲಿಯುತ್ತಾ ಕೇಳಿದ್ದೆ. ನೀವು ಸೂಜಿಗೆ ದಾರ ಪೋಣಿಸುವುದನ್ನು ಮುಗಿಸಿಯೇ ಉತ್ತರ ಕೊಟ್ಟದ್ದು. "ಅವ್ರು ಪಾಪ ಏಳೇ ಜನ ಅಲ್ಲಿ ಮೇಲೆ. ದಿಕ್ಕಿಲ್ಲ. ನಾವೂ ಎದ್ದೋದ್ರೆ ಅವ್ರನ್ನ ನೋಡೋರ್ ಯಾರು ಬೇಟಾ?" ಅವತ್ತು ನಾನು ಹೊಟ್ಟೆ ತುಂಬ ನಕ್ಕೆ.

ನಮ್ಮಿಬ್ಬರ ಜಗಳಕ್ಕೆ ಕಾರಣವಾದ ಆ ಮಾತು ಬಂದದ್ದೂ ಅಂಥದ್ದೊಂದು ಭಾನುವಾರವೇ. ಹಡಗಿನ ರೇಡಿಯೋ ಗರಗರ ಅಂತು. ಭೂಮಿಯಿಂದ ಸುದ್ದಿ. ಗದ್ದಲದಲ್ಲಿ ಕೇಳಿಸಿದ್ದು ಒಂದೇ ಮಾತು, 'ಪರ್ಸೋಂ'. ಆಮೇಲೆ ರೇಡಿಯೋ ಸತ್ತಿತು. ಏಳೂ ಜನ ಮುಖ ಮುಖ ನೋಡಿಕೊಂಡರು. ನೀವು ನಮಗೆಲ್ಲ ಹೇಳಿದಿರಿ: "ಪರ್ಸೋಂ ಅಂದ್ರೆ ಮೊನ್ನೆ. ಭೂಮಿ ಮೊನ್ನೇನೇ ಮುಗ್ದೋಯ್ತು ಅಂತ ಹೇಳ್ತಾವ್ರೆ." ಬಜಾರಿನ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಸ್ಕೂಲಿನ ಹಿಂದಿಯಲ್ಲಿ ಆ ಒಂದೇ ಮಾತಿಗೆ ಮೊನ್ನೆ ಅಂತಲೂ ಆಗುತ್ತಿತ್ತು, ನಾಡಿದ್ದು ಅಂತಲೂ ಆಗುತ್ತಿತ್ತು. ಹಡಗಿನವರ ಗೊಂದಲವೂ ಅದೇ. ಆದರೆ ನಿಮ್ಮ ಮನೆಯಲ್ಲಿ ಪರ್ಸೋಂ ಮುಂದಕ್ಕೆ ಹೋದದ್ದನ್ನು ನಾನು ಕೇಳಿಲ್ಲ. ಹೋದ ವಾರದ್ದೂ ಪರ್ಸೋಂ, ಹೋದ ರಂಜಾನಿನದೂ ಪರ್ಸೋಂ, ನಿಮ್ಮ ಮದುವೆಯೂ ಪರ್ಸೋಂ. ನಿಮಗೆ ಅದು ಆಗಿಹೋದದ್ದು, ಅಷ್ಟೆ.

ಚಳಿಗಾಲ ಮುಗಿಯುವ ಹೊತ್ತಿಗೆ ನಿಮ್ಮ ಧ್ವನಿ ದಪ್ಪವಾಯಿತು. ದೂಳು ಅಂದಿರಿ, ಬೀಡಿ ಅಂದಿರಿ, ಕೊನೆಗೆ ಅನ್ನುವುದನ್ನೇ ಬಿಟ್ಟಿರಿ. ಒಂದು ಭಾನುವಾರ ಕ್ಯಾಪ್ಟನ್ ಏನೋ ಹೇಳಿದ, ಎಲ್ಲರೂ ನಿಮ್ಮ ಕಡೆ ನೋಡಿದರು, ನೀವು ಬಾಯಿ ತೆರೆದಿರಿ, ಏನೂ ಬರಲಿಲ್ಲ. ಶೆಟ್ಟರು "ಯಾಕ್ ಸಾಯಬ್ರೇ?" ಅಂದರು. ನೀವು ಗಂಟಲು ಹಿಡಿದುಕೊಂಡು ನನ್ನ ಕಡೆ ಕೈ ತೋರಿಸಿದಿರಿ. ಆಮೇಲೆ ಹೇಳುವ ಕೆಲಸ ನನ್ನದಾಯಿತು. ಕೋಲಾರದ ಡಾಕ್ಟರು ಗಂಟಲಲ್ಲಿ ಗಡ್ಡೆ ಅಂದರಂತೆ. ಅದನ್ನು ನಿಮ್ಮ ಮನೆಯವರು, ನಾನು ಖಾಲಾ ಅನ್ನುತ್ತಿದ್ದವರು, ನನಗೆ ಹೇಳಿದ್ದು ನೀವು ಕಾಣದ ಹಾಗೆ, ಅಡುಗೆಮನೆ ಬಾಗಿಲಿನ ಹಿಂದೆ.

ನಾನು ಹೇಳಲು ಕೂತ ಮೊದಲ ವಾರವೇ ಎಡವಿದೆ. ಹಡಗಿನ ಮುದುಕಿ "ಛೋಟಾ ಸತ್ತ ಮೇಲೆ ನನಗೆ ನಿದ್ದೆ ಇಲ್ಲ" ಅಂದಳು. ಸತ್ತನೇ? ಹಡಗಿನ ಆ ಕಿರಿಯವನ ಮೇಲೆ ಬಿಳಿ ಬಟ್ಟೆ ಎಳೆದ ವಾರ ನೀವು ನಮಗೆಲ್ಲ "ಚಳಿಜ್ವರ, ಹೊದ್ಸವ್ರೆ" ಅಂದಿದ್ದಿರಿ. ಅಲ್ಲಿಂದ ಮುಂದೆ ಶೆಟ್ಟರ ದೊಡ್ಡ ಮೊಮ್ಮಗಳು, ಆಗಿನ್ನೂ ಮಗು, ವಾರ ವಾರವೂ "ಆ ಅಣ್ಣ ಎದ್ನಾ?" ಅಂತ ಕೇಳುತ್ತಿದ್ದಳು, ನೀವು "ಇನ್ನೂ ಮಲ್ಗವ್ನೆ ಪಾಪಾ" ಅನ್ನುತ್ತಿದ್ದಿರಿ. ಅವತ್ತೂ ಕೇಳಿದಳು. ನಾನು ನಿಮ್ಮ ಮುಖ ನೋಡಿದೆ. ನೀವು ಗೋಡೆ ನೋಡಿದಿರಿ. ಮಲಗಿದ್ದಾನೆ ಅಂದೆ. ಅವತ್ತಿನಿಂದ ಗೊತ್ತಾಗುತ್ತಾ ಬಂತು, ನಾವು ನೋಡಿದ 'ಹಡಗಿ'ನಲ್ಲಿ ಅರ್ಧ ನೀವೇ ಹೊಲಿದದ್ದು ಅಂತ. ಆ ಕುಣಿತದ ರಾಜನಿಗೆ ಕಳೆದುಹೋದ ಮಗಳನ್ನು ಕೊಟ್ಟವರು ನೀವು. ಹಿಂದಿಯಲ್ಲಿ ಅವನಿಗೆ ಮಗಳೇ ಇರಲಿಲ್ಲ. ಕೆಟ್ಟ ವಾರಗಳನ್ನೆಲ್ಲ ಬಿಚ್ಚಿ, ಮೈಗೆ ಕೂರುವ ಹಾಗೆ ಆಲ್ಟರೇಷನ್ ಮಾಡಿ ನಮಗೆ ತೊಡಿಸುತ್ತಿದ್ದಿರಿ.

ಪರ್ಸೋಂ ಅಂದರೆ ನಾಡಿದ್ದೂ ಆಗುತ್ತೆ, ಅವರನ್ನು ಕರೆದೊಯ್ಯಲು ಬರುತ್ತಾರೆ ಅಂತ ನಾನು ವಾದಿಸಿದಾಗ ಮಾತ್ರ ನೀವು ಒಪ್ಪಲಿಲ್ಲ. ಮಾತಿಲ್ಲದ ನೀವು ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ತೋರಿಸುತ್ತಿದ್ದಿರಿ. ಆಗಿಹೋಯಿತು ಅಂತ. ನಾನು ಕತ್ತರಿಯಿಂದ ಮುಂದಕ್ಕೆ, ಬೀದಿಯ ಕಡೆಗೆ ತೋರಿಸುತ್ತಿದ್ದೆ. ಗಿರಾಕಿಗಳು ಇವರಿಗೇನಾಯಿತು ಅಂತ ನೋಡುತ್ತಿದ್ದರು.

ನಮ್ಮಕ್ಕನ ಊರಾದ ಈ ಶ್ರೀನಿವಾಸಪುರದಲ್ಲಿ ಲೇಡೀಸ್ ಟೈಲರ್ ಇಲ್ಲವೆಂದು ಕೇಳಿ, ನಿಮ್ಮ ಹಳೇ ಮಿಷನ್ ಬಸ್ಸಿನ ಮೇಲೆ ಕಟ್ಟಿಸಿ ನನ್ನನ್ನು ಕಳಿಸಿದಿರಿ. ಆಗಲೇ ನಿಮಗೆ ಶೆಟ್ಟರ ಅಂಗಡಿತನಕ ನಡೆಯಲೂ ಆಗುತ್ತಿರಲಿಲ್ಲ. ಹಾಗಾಗಿ ಭಾನುವಾರ ನಾನು ಇಲ್ಲಿ 'ಹಡಗು' ನೋಡುವುದು, ಸೋಮವಾರ ಮಾಲೂರಿಗೆ ಬಂದು ನಿಮ್ಮ ಮಂಚದ ಪಕ್ಕ ಕೂತು ಹೇಳುವುದು. ಆಪರೇಷನ್ ಮಾತು ಬಂದಾಗ ನೀವು ಕೈಸನ್ನೆ ಮಾಡಿ ಖಾಲಾಗೆ ಹೇಳಿದ್ದು ಒಂದೇ: ಕಡೆಯ ವಾರದ್ದು ಕೇಳಿ ಆಮೇಲೆ. ನಾನು ಕೆಟ್ಟ ವಾರಗಳಿಗೆ ನಿಮ್ಮ ಹಾಗೆ ಹೊಲಿಗೆ ಹಾಕಲು ನೋಡುತ್ತಿದ್ದೆ, ನಿಮಗೆ ತಕ್ಷಣ ಗೊತ್ತಾಗುತ್ತಿತ್ತು. ಕಣ್ಣಲ್ಲೇ ನಗುತ್ತಿದ್ದಿರಿ.

ಆ ಶನಿವಾರ ಮಾಲೂರು ಕಡೆಯ ಬಸ್ಸಿನ ಕಂಡಕ್ಟರು ನನ್ನ ಅಂಗಡಿ ಮುಂದೆ ಇಳಿದು ಕೂಗಿದ. "ಅಮ್ಮಾ, ನಿಮ್ ಸಾಯಬ್ರ ಮನೆಯವ್ರು ಹೇಳ್ ಕಳ್ಸವ್ರೆ. ಪರ್ಸೋಂ ಕೋಲಾರದ ಆಸ್ಪತ್ರೆ ಅಂತೆ." ಅವನಿಗೆ ತೆಲುಗು ಬಿಟ್ಟರೆ ಕನ್ನಡ, ಆ ಮಾತಿನ ಅರ್ಥ ಗೊತ್ತಿಲ್ಲ, ಕೇಳಿದ್ದನ್ನು ಹಾಗೇ ತಂದು ಕೊಟ್ಟ. ಪರ್ಸೋಂ. ನಾಡಿದ್ದು ಸೋಮವಾರ. ಎಷ್ಟು ಸರಿಹೋಯಿತು ಅಂದುಕೊಂಡೆ ಗೊತ್ತೇ? ನಾಳೆಯೇ 'ಹಡಗಿ'ನ ಕಡೆಯ ವಾರ. ಅದನ್ನು ನೋಡಿಕೊಂಡು, ಸೋಮವಾರ ನೇರ ಕೋಲಾರಕ್ಕೇ ಹೋಗಿ, ನಿಮ್ಮನ್ನು ಒಳಗೆ ಕರೆದೊಯ್ಯುವ ಮೊದಲು ಕಥೆ ಮುಗಿಸಿಬಿಡಬಹುದು.

ಭಾನುವಾರ ಪಕ್ಕದ ಮನೆಯಲ್ಲಿ ಮುಂದಿನ ಸಾಲಿನಲ್ಲೇ ಕೂತೆ. ಒಂದು ಅಕ್ಷರ ಬಿಡಬಾರದು ಅಂತ. ನಿಮಗೆ ತಿಳಿಯದೇ ಉಳಿದ ಸುದ್ದಿ ಇದು ಮಾಸ್ಟರೇ, ಕೇಳಿ. ರೇಡಿಯೋ ಮತ್ತೆ ಜೀವ ಪಡೆಯಿತು, ಮಾತು ಪೂರ್ತಿ ಬಂತು. ಅದು ನಾಡಿದ್ದೇ. ನಾಡಿದ್ದು ನಿಮ್ಮನ್ನು ಕರೆದುಕೊಂಡು ಹೋಗಲು ಬರುತ್ತೇವೆ, ಕಾದಿರಿ ಅಂತ. ಬಂದೂ ಬಂದರು. ಭಾರೀ ಅವಸರದಲ್ಲಿ ಮುಗಿಸಿದರು, ಹಾರ ಹಾಕಿದರು, ಬ್ಯಾಂಡು ಬಾರಿಸಿದರು, ಸತ್ತ ಛೋಟಾನ ಹೆಸರು ಯಾರೂ ಎತ್ತಲಿಲ್ಲ. ಆ ಬಂಡೆ ಕೊನೆಯ ದಿನವೂ ಅಲುಗಾಡಿತು. ಆದರೂ ನಾನು ಗೆದ್ದಿದ್ದೆ. ಮಾಸ್ಟರು ಹೆಬ್ಬೆರಳನ್ನು ಇನ್ನು ಹೇಗೆ ಹಿಂದಕ್ಕೆ ತೋರಿಸುತ್ತಾರೋ ನೋಡೋಣ ಅಂತ ಒಬ್ಬಳೇ ನಗುತ್ತಾ ಮನೆಗೆ ಬಂದೆ.

ಕೋಲಾರದ ಆಸ್ಪತ್ರೆಯ ವಾರ್ಡಿನಲ್ಲಿ, ನಿಮ್ಮದು ಅಂತ ತೋರಿಸಿದ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ಆಯಾ "ಮಾಲೂರಿನ ಸಾಯಬ್ರಾ? ನೆನ್ನೆ ಬೆಳಗ್ಗೇನೇ ತಗೊಂಡೋದ್ರಲ್ಲಮ್ಮ" ಅಂದಳು. ತಗೊಂಡು ಹೋದರು ಅಂದಾಗಲೂ ನನಗೆ ಅರ್ಥವಾಗಲಿಲ್ಲ, ಮನೆಗೆ ಕಳಿಸಿದ್ದಾರೆ ಅಂದುಕೊಂಡೆ. ಮಾಲೂರಿನ ಬಸ್ಸಿನಲ್ಲಿ ಕಥೆಯನ್ನು ಇನ್ನೊಂದು ಸಲ ಮನಸ್ಸಿನಲ್ಲೇ ಹೇಳಿಕೊಂಡೆ. ನಿಮ್ಮ ಬೀದಿ ತಿರುಗಿದಾಗ ಮನೆ ಮುಂದೆ ಬೆಂಚು ಹಾಕಿದ್ದರು. ಖಾಲಾ ಒಳಗೆ ಗೋಡೆಗೆ ಒರಗಿ ಕೂತಿದ್ದರು. "ಪರ್ಸೋಂಚ್ ಲೇಕೋ ಗಯೇ ನಾ ಬೇಟಾ. ಬೋಲ್ ಕೋ ಭೇಜೀ ನಾ ಮೈ" ಅಂದರು. ಮೊನ್ನೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದರಲ್ಲಮ್ಮಾ, ಹೇಳಿ ಕಳಿಸಿದ್ದೆನಲ್ಲ... ಹೌದು. ಹೇಳಿ ಕಳಿಸಿದ್ದರು. ಆ ಒಂದು ಮಾತು ನಿಮ್ಮ ಮನೆಯಿಂದ ಹೊರಡುವಾಗ ಮೊನ್ನೆ ಆಗಿತ್ತು, ಬಸ್ಸಿಳಿದು ನನ್ನ ಅಂಗಡಿಗೆ ಬರುವಷ್ಟರಲ್ಲಿ ನಾಡಿದ್ದು ಆಗಿಹೋಗಿತ್ತು. ಯಾರನ್ನು ಬೈಯಲಿ?

ನಿಮ್ಮನ್ನು ಮಣ್ಣು ಮಾಡಿದ ಜಾಗಕ್ಕೆ ಹೆಂಗಸರು ಹೋಗುವಂತಿಲ್ಲ ಅಂದರು. ಗೋಡೆಯ ಆಚೆ ಸ್ವಲ್ಪ ಹೊತ್ತು ನಿಂತು ಬಂದೆ. ಕಥೆ ಹೇಳಬೇಕು ಅನ್ನಿಸಿತು, ದಾರಿಹೋಕರು ನೋಡುತ್ತಿದ್ದರು. ಬಾಯಿಗೆ ಬಂದ ಕಥೆಯನ್ನು ನುಂಗಿಕೊಂಡು ಬಸ್ಸು ಹತ್ತಿದೆ.

ಶೆಟ್ಟರಿಗೆ ಇವತ್ತು ಕಾರ್ಡು ಹಾಕುತ್ತೇನೆ. ಆ ಧಾರಾವಾಹಿ ನೋಡುವಂಥದ್ದಲ್ಲ, ಅರ್ಧಕ್ಕಿಂತ ಹೆಚ್ಚು ದಂಡ, ಕೊನೆಯಂತೂ ಹಾಳು. ಆದರೂ ಮೊಮ್ಮಗಳನ್ನು ಒಂಟಿಯಾಗಿ ಕೂರಿಸಬೇಡಿ, ಪಕ್ಕದಲ್ಲಿ ಕೂತು ಕಡೆಯವರೆಗೂ ನೋಡಿ, ಆ ಅಣ್ಣನಿಗೆ ಬಿಳಿ ಬಟ್ಟೆ ಹೊದಿಸುವ ವಾರ ಮಾತ್ರ ಏನು ಹೇಳಬೇಕೋ ಯೋಚಿಸಿಕೊಂಡಿರಿ ಅಂತ ಬರೆಯುತ್ತೇನೆ.

ಇನ್ನೊಂದು ಮಾತು. ಇವತ್ತು ಬೆಳಗ್ಗೆ ಇಲ್ಲಿನ ಹೈಸ್ಕೂಲಿನ ಹಿಂದಿ ಮೇಡಂ ಕಾಲರ್ ಇರುವ ರವಿಕೆಗೆ ಬಟ್ಟೆ ತಂದಿದ್ದರು. ನಾನು ಹೊಲಿದಿಟ್ಟ ಒಂದು ಕಾಲರನ್ನು ಬೆರಳಲ್ಲಿ ಮುಟ್ಟಿ ನೋಡಿ, "ಇದು ಯಾರು ಕಲ್ಸಿದ್ದಮ್ಮ?" ಅಂದರು. ನಮ್ಮ ಮಾಸ್ಟರು ಅಂದೆ. "ಈಗ ಎಲ್ಲಿದ್ದಾರೆ?" ಅಂದರು. ನನ್ನ ಬಾಯಿಂದ "ಪರ್ಸೋಂ..." ಅಂತ ಬಂತು. ಇಷ್ಟು ವರ್ಷ ಆಗಿದೆ, ಆದರೂ ಅದೇ ಬಂತು, ಮುಂದಿನ ಮಾತು ಬರಲಿಲ್ಲ. ಮೇಡಂ ಮುಖ ಅರಳಿತು. "ನಾಡಿದ್ದು ಬರ್ತಾರಾ? ಹಾಗಾದ್ರೆ ಇದನ್ನ ಅವ್ರ ಕೈಲೇ ಹೊಲಿಸಿಬಿಡಮ್ಮ" ಅಂತ ಬಟ್ಟೆ ಇಟ್ಟರು. ನಾನು ಹೂಂ ಅಂದೆ.

ಅಂದಮೇಲೆ ಹೊಲಿಯಲೇಬೇಕಲ್ಲ. ಬಕ್ರಂ ನೆನೆಹಾಕಿದ್ದೇನೆ. ನೀವು ತಿರುಗಿಸುವ ಹಾಗೇ ಮೂಲೆ ತಿರುಗಿಸಿ, ಕಾಲರ್ ಸೋತು ಬೀಳದ ಹಾಗೆ ಹೊಲಿದಿಡುತ್ತೇನೆ. ಮೇಡಂ ಬಂದು ಕೇಳಿದರೆ, ಮಾಸ್ಟರು ಬಂದು ಹೊಲಿದುಕೊಟ್ಟು ಹೋದರು ಅನ್ನುತ್ತೇನೆ. ಯಾವಾಗ ಬಂದಿದ್ದರು ಅಂದರೆ, ಪರ್ಸೋಂ ಅನ್ನುತ್ತೇನೆ.

ನಿಮ್ಮ
ಯಶೋದ