ಏಳನೇ ಬಾವಿಯ ಖಾಲಿ ಕಾಲಂ

ಕೆಂಗಲ್ಲು ಊರು
ಫೆಬ್ರವರಿ ಮೂವತ್ತು, ಬಾವಿ ವರ್ಷ ಇನ್ನೂರ ಹನ್ನೆರಡು

ನೀಲಗಂಗಾ ಹೂಗಾರ ಅವರಿಗೆ,

ನಿಮ್ಮ ಪಂಚಾಂಗದಲ್ಲಿ ಈ ತಾರೀಖು ಇಲ್ಲವೆಂದು ಗೊತ್ತು. ತಿಂಗಳಿಗೆ ಮೂವತ್ತೇ ದಿನ, ವರ್ಷದ ಎಣಿಕೆ ಬಾವಿ ತೋಡಿದಂದಿನಿಂದ ಎಂದು ನಾವು ಎಂದೋ ಸರಿಮಾಡಿಕೊಂಡೆವು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಡತಗಳಿಂದಲೇ. ನಾನು ಹಂಪಮ್ಮ, ಈ ಊರಿನ ಬಾವಿಗಳ ಉಸ್ತುವಾರಿ ನೋಡುವವಳು. ಅಂದು ಈ ಬಾವಿಗಳ ನೀರು ಅಳೆದು ನೀವು ನಮೂದಿಸಿದ ಸಾಲಿನ ಟಿಪ್ಪಣಿ ಜಾಗದಲ್ಲಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ತನಕ ಬರುವ ಬೇರೆ ದಾರಿ ನನಗೆ ಗೊತ್ತಿಲ್ಲ.

ನೀರಿನ, ಕಲ್ಲಿನ ಅಂಶಗಳನ್ನು ಲೆಕ್ಕ ಹಾಕುವ ನಿಮ್ಮ ಸಾಫ್ಟ್‌ವೇರನ್ನು ನಾವು ಕಲ್ಲೋದುಗ ಎನ್ನುತ್ತೇವೆ. ಅಳೆಯುವ ಯಂತ್ರಗಳೆಲ್ಲ ಕೆಟ್ಟು ಮೂಲೆ ಸೇರಿವೆ. ಉಳಿದಿರುವುದು ಅದು, ಅದರೊಳಗೆ ನೀವು ಬಿಟ್ಟುಹೋದ ಅಂಕಿಗಳು. ನಮ್ಮ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷವಿದೆ, ಕಬ್ಬಿಣವೂ ಇದೆ. ಮುಂಜಾನೆ ಸೇದಿದ್ದನ್ನು ಅಗಲ ಬಾಯಿಯ ಮಡಕೆಗಳಲ್ಲಿ ಮರುದಿನದವರೆಗೆ ಮುಟ್ಟದೆ ಇಡುತ್ತೇವೆ. ಕಬ್ಬಿಣ ಕೆಂಪಗೆ ತಳಕ್ಕಿಳಿಯುವಾಗ ವಿಷವನ್ನೂ ಎಳೆದುಕೊಂಡು ಹೋಗುತ್ತದೆ. ಮೇಲಿನ ತಿಳಿಯನ್ನು ತಂಗುನೀರು ಎಂದು ಕರೆದು ಕುಡಿಯುತ್ತೇವೆ. ಕಬ್ಬಿಣ ವಿಷದ ಇಪ್ಪತ್ತು ಪಟ್ಟಾದರೂ ಇರಬೇಕು ಎಂಬುದು ನಮ್ಮ ಕಟ್ಟಳೆ. ಕಲ್ಲೋದುಗ ಭಾಗಿಸಿ ಹೇಳುತ್ತದೆ, ನಾವು ಬಾವಿ ತೆರೆಯುತ್ತೇವೆ.

ಐದನೇ ಬಾವಿಗೆ ಅದು ಮೂವತ್ತು ಪಟ್ಟು ಎಂದಿತು. ನಾನೇ ಮುಚ್ಚಳ ತೆಗೆಸಿದೆ. ಮಡಕೆಯ ತಳ ಕೆಂಪಾಗಲೇ ಇಲ್ಲ. ಇಷ್ಟು ತಿಳಿನೀರು ಸಿಕ್ಕಿತಲ್ಲ ಎಂದು ಊರೆಲ್ಲ ಹಿಗ್ಗಿತು. ನಾಲ್ಕು ವರ್ಷ ಕುಡಿದೆವು. ನನ್ನ ಮಗಳು ಸೂಗಮ್ಮನ ಅಂಗೈ ಗಂಟು ಗಂಟಾಗಿ ಗಟ್ಟಿಯಾಯಿತು. ರೊಟ್ಟಿ ಬಡಿದು ಬಡಿದು ಹಾಗಾಗಿದೆ ಎಂದು ನಕ್ಕೆ. ಅಯ್ಯೋ, ನಕ್ಕೆನಲ್ಲ! ಅದು ವಿಷದ ಗುರುತಾಗಿತ್ತು. ಆಮೇಲೆ ಹಳೆಯ ಕಾಗದ ತಡಕಿದಾಗ ಗೊತ್ತಾಯಿತು: ಕಬ್ಬಿಣವನ್ನು ನೀವು ಮೈಕ್ರೋಗ್ರಾಂನಲ್ಲಿ ಬರೆದಿದ್ದಿರಿ, ಆರ್ಸೆನಿಕ್ಕನ್ನು ಅದರ ಸಾವಿರ ಪಟ್ಟಿನ ಮಿಲಿಗ್ರಾಂನಲ್ಲಿ. ಕಲ್ಲೋದುಗದಲ್ಲಿ ಮಾತ್ರ ಅದನ್ನು ಹೇಳುವ ಅಳತೆಯ ಕಾಲಂ ಖಾಲಿ ಬಿಟ್ಟಿದ್ದಿರಿ. ಅದು ಏನೂ ಕೇಳದೆ ಭಾಗಿಸಿತು. ನಿಜದಲ್ಲಿ ವಿಷವೇ ಕಬ್ಬಿಣದ ಮೂವತ್ತು ಪಟ್ಟಿಗೂ ಹೆಚ್ಚಿತ್ತು. ಅನುಪಾತಕ್ಕೆ ಅಳತೆಯ ಹೆಸರು ಬೇಡವೆಂದು ನಮಗೆ ಕಲಿಸಿದ್ದರು, ನಾವೂ ಕೇಳಲಿಲ್ಲ.

ನಿಮ್ಮ ಮೇಲೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಆದರೆ ಸಿಟ್ಟಿಗಿಂತ ಭಯವೇ ಹೆಚ್ಚು. ಐದನೆಯದನ್ನು ಮುಚ್ಚಿದ್ದೇವೆ, ಉಳಿದದ್ದು ಏಳನೇ ಬಾವಿ ಒಂದೇ. ಅದರ ಸಾಲಿನಲ್ಲಿ ಕಬ್ಬಿಣ ನಲವತ್ತು, ಆರ್ಸೆನಿಕ್ ಒಂದು ಎಂದಿದೆ. ಅಳತೆ ಖಾಲಿ. ಇದರ ಕಾಗದ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಮೊನ್ನೆ ಒಂದು ಕೊಡ ಸೇದಿಸಿ ಇಟ್ಟೆ, ತಳ ಕೆಂಪಾಗಲಿಲ್ಲ; ಅಂದರೆ ಕಬ್ಬಿಣ ಮೈಕ್ರೋಗ್ರಾಂ ಲೆಕ್ಕದ್ದೇ. "ನೀರು ಇಷ್ಟು ತಿಳಿ ಐತಿ, ಇನ್ನ ಯಾತಕ್ಕ ಅಂಜತಿ ಯವ್ವಾ?" ಎಂದಳು ಊರಿನ ಹಿರಿಯಳು ದುರಗವ್ವ. ಆ ತಿಳಿಗೇ ಅಂಜುತ್ತೇನೆ ಎಂದು ಅವಳಿಗೆ ಹೇಗೆ ಹೇಳಲಿ? ಆರ್ಸೆನಿಕ್ಕಿನ ಆ ಒಂದು ಮೈಕ್ರೋಗ್ರಾಂ ಆದರೆ ನೀರನ್ನು ಹಾಗೆಯೇ ಕುಡಿಯಬಹುದು. ಮಿಲಿಗ್ರಾಂ ಆದರೆ ಸೂಗಮ್ಮ ಉಳಿಯುವುದಿಲ್ಲ.

ಟ್ಯಾಂಕಿನಲ್ಲಿ ಎರಡು ದಿನದ ನೀರಿದೆ. ನಾಡಿದ್ದು ಮುಚ್ಚಳ ತೆಗೆಯಬೇಕೋ ಬೇಡವೋ ಎಂದು ನಾನು ಹೇಳಬೇಕು. ನಿಮಗಾದರೆ ಅಳೆದದ್ದು ಇನ್ನೂ ನೆನಪಿರಬಹುದು. ದಮ್ಮಯ್ಯ, ಆ ಕಾಲಂನಲ್ಲಿ ಒಂದೇ ಒಂದು ಪದ ಬರೆಯಿರಿ. ಅಲ್ಲಿ, ನಿಮ್ಮ ಕಾಲದಲ್ಲಿ ನೀವು ಬರೆದರೆ ಇಲ್ಲಿ ನನಗೆ ಕಾಣಿಸಲೇಬೇಕು.

ಸೂಗಮ್ಮ ನೀರು ಕೇಳಿದಳು, ಟ್ಯಾಂಕಿನದು ಅರ್ಧ ಲೋಟ ಕೊಟ್ಟು ಬಂದೆ. ಬಂದವಳು ಮತ್ತೆ ನಿಮ್ಮ ಸಾಲನ್ನು ತೆರೆದು ನೋಡಿದೆ.

ಇನ್ನೂ ಖಾಲಿಯಿದೆ.